ಗಾಲಿ ದೊಡ್ಡದಾಯಿತು, ಎತ್ತರ ಅಷ್ಟೇ ಉಳಿಯಿತು

ಮೊನ್ನೆ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಸ್ವಲ್ಪ ಅಡ್ಡಾಗಿದ್ದೆ. ಫೋನು ಹೊಡೆದುಕೊಂಡಿತು. ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ಅಕ್ಕನ ಮಗ. ಕೆಲಸಕ್ಕೆಂದು ಅಲ್ಲಿಗೆ ಹೋಗಿ ನಾಲ್ಕು ವರ್ಷವಾಯಿತು. ಹೋದ ವರ್ಷ ಸೆಕೆಂಡ್ ಹ್ಯಾಂಡ್ ಪೋರ್ಷೆ ಬಾಕ್ಸ್‌ಸ್ಟರ್ ತೆಗೆದುಕೊಂಡಿದ್ದಾನೆ, 1999ರ ಮಾಡೆಲ್. ಎರಡೇ ಸೀಟಿನ ಗಾಡಿ. "ಮೂರನೇಯವರು ಬಂದರ ಎಲ್ಲಿ ಕೂಡ್ತಾರಪ್ಪ?" ಅಂತ ಅಕ್ಕ ಇನ್ನೂ ಕೇಳುತ್ತಲೇ ಇದ್ದಾಳೆ.

"ಮಾಮಾ, ಗಾಡಿಗೆ ಹದಿನೆಂಟು ಇಂಚಿನ ವ್ಹೀಲ್ ಹಾಕಿಸೇನಿ. ಭಾಳ ಛಂದ ಕಾಣ್ತದ. ಆದ್ರ ಸ್ಟೇರಿಂಗ್ ಪೂರ್ತಿ ತಿರುವಿದ್ರ ಮುಂದಿನ ಗಾಲಿ ಕರ್ ಕರ್ ಅಂತದ. ಏನಿರಬಹುದು?"

"ಟೈರ್ ಸೈಜ್ ಎಷ್ಟೋ?"

"ಹದಿನೆಂಟು ಅಂದ್ನೆಲ್ಲಾ!"

ರೋಗ ಇರುವುದು ಈ ಉತ್ತರದಲ್ಲೇ. ಹದಿನೆಂಟು ಎನ್ನುವುದು ಟೈರಿನ ಸೈಜ್ ಅಲ್ಲ, ಟೈರು ಕೂರುವ ರಿಮ್ಮಿನ ವ್ಯಾಸ. ಟೈರಿನ ಒಟ್ಟು ಎತ್ತರ ಎಷ್ಟು ಎಂಬುದನ್ನು ಅದು ಹೇಳುವುದೇ ಇಲ್ಲ. ಟೈರಿನ ಪಕ್ಕದಲ್ಲಿ ಬರೆದಿರುವುದನ್ನು ಫೋಟೋ ತೆಗೆದು ಕಳಿಸು ಎಂದೆ. ಕಳಿಸಿದ. ಮುಂದೆ 225/45 ಆರ್ 18, ಹಿಂದೆ 265/40 ಆರ್ 18. ಯಾರೋ ತಮ್ಮ ಬೇರೆ ಗಾಡಿಗೆ ಹಾಕಿಕೊಂಡಿದ್ದ ಸೆಟ್ಟನ್ನು ಟೈರ್ ಸಮೇತ ಅಗ್ಗಕ್ಕೆ ಮಾರಿದ್ದಾರೆ, ಇವನು ಕೊಂಡುಕೊಂಡಿದ್ದಾನೆ. ನಿದ್ದೆ ಹಾರಿಹೋಯಿತು. ಪೆನ್ನು ಕಾಗದ ತೆಗೆದುಕೊಂಡು ಕೂತೆ.

ಈ ಲೆಕ್ಕ ಕಷ್ಟದ್ದೇನಲ್ಲ. 205/55 ಆರ್ 16 ಎಂದರೆ ಟೈರಿನ ಅಗಲ 205 ಮಿಲಿಮೀಟರ್. ಆ ಅಗಲದ ಶೇಕಡಾ 55ರಷ್ಟು ಟೈರಿನ ಪಕ್ಕೆಯ ಎತ್ತರ, ಅಂದರೆ ರಿಮ್ಮಿನ ಅಂಚಿನಿಂದ ನೆಲದವರೆಗಿನ ರಬ್ಬರು. ಆರ್ ಎಂದರೆ ರೇಡಿಯಲ್. 16 ಎಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾವಾರು, ಇಂಚು ಮೂರೂ! ಅಂಗಡಿಯವನು ಹೀಗೆ ಬಿಲ್ ಬರೆದು ಕೊಟ್ಟರೆ ನಾವು ಜಗಳ ತೆಗೆಯುತ್ತೇವೆ. ಟೈರಿನ ಮೇಲೆ ಬರೆದರೆ ಸುಮ್ಮನೆ ದುಡ್ಡು ಕೊಟ್ಟು ಬರುತ್ತೇವೆ.

ಈ ಮೂರರಿಂದ ನಾವೇ ಲೆಕ್ಕ ಹಾಕಿ ತೆಗೆಯಬೇಕಾದದ್ದು ಒಂದಿದೆ. ಅದೇ ಒಟ್ಟು ಎತ್ತರ. ಪಕ್ಕೆ ಮೇಲೊಂದು, ಕೆಳಗೊಂದು, ನಡುವೆ ರಿಮ್ಮು. 205ರ ಶೇಕಡಾ 55 ಎಂದರೆ 112.75, ಎರಡು ಸಲ ಕೂಡಿದರೆ 225.5. 16 ಇಂಚು ಎಂದರೆ 406.4. ಒಟ್ಟು 632 ಮಿಲಿಮೀಟರ್. ಟೈರಿನ ಮೇಲೆ ಎಲ್ಲೂ ಬರೆದಿರದ ಈ ಸಂಖ್ಯೆಯೇ ಎಲ್ಲಕ್ಕಿಂತ ಮುಖ್ಯ.

ಮೊದಲು ಹೀಗಿರಲಿಲ್ಲ ಎನ್ನುವುದು ತಮಾಷೆ. 1888ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ಟೈರು ಮಾಡಿದ ಕಥೆ ನಿಮಗೆ ಗೊತ್ತೇ ಇದೆ. ಅದು ಕಾರಿಗೆ ಬಂದ ಮೇಲೆ, 1900ರ ನಂತರದ ಎರಡು ದಶಕಗಳಲ್ಲಿ, ಟೈರಿನ ಮೇಲೆ 820×120 ಎನ್ನುವಂಥ ಸಂಖ್ಯೆ ಇರುತ್ತಿತ್ತು. 1921ರಲ್ಲಿ ಗಿರಾಕಿಗಳ ಕೈಸೇರತೊಡಗಿದ ಬೆಂಟ್ಲಿ 3 ಲೀಟರ್ ಎಂಬ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರಿನ ಮೊದಲ ಗಾಡಿಗಳ ಟೈರ್ ಸೈಜ್ ಇದು. ಇದೇ ಮಾದರಿ 1924ರಲ್ಲಿ ಲ ಮಾನ್ಸ್ 24 ಗಂಟೆಯ ರೇಸ್ ಗೆದ್ದಿತು. ಇಲ್ಲಿ 820 ಎಂದರೆ ಹೆಸರಿಗೆ ಟೈರಿನ ಹೊರಗಿನ ವ್ಯಾಸ, 120 ಎಂದರೆ ಅಗಲ. ಟೈರಿನ ಅಡ್ಡಕೊಯ್ತ ಆಗ ಹೆಚ್ಚುಕಡಿಮೆ ದುಂಡಗಿರುತ್ತಿದ್ದುದರಿಂದ ಅಗಲ ಎಷ್ಟೋ ಎತ್ತರವೂ ಅಷ್ಟೇ. ರಿಮ್ ಎಷ್ಟೆಂದು ಬೇಕಿದ್ದರೆ 820ರಿಂದ ಎರಡು 120 ಕಳೆಯಿರಿ, 580 ಸಿಗುತ್ತದೆ. ನಮ್ಮ ಅಜ್ಜಂದಿರ ಕಾಲದ ಟೈರು ಒಟ್ಟು ಎತ್ತರವನ್ನು ಮುಖದ ಮೇಲೆ ಬರೆದುಕೊಂಡು ರಿಮ್ಮನ್ನು ಮುಚ್ಚಿಡುತ್ತಿತ್ತು. ಈಗಿನದು ರಿಮ್ಮನ್ನು ಬರೆದುಕೊಂಡು ಎತ್ತರವನ್ನು ಮುಚ್ಚಿಡುತ್ತದೆ.

ಆಮೇಲೆ ಇಂಚಿನ ಕಾಲ ಬಂತು. 1961ರ ಜಾಗ್ವಾರ್ ಇ-ಟೈಪ್ ಕಾರಿಗೆ 6.40-15 ಟೈರು: ಅಗಲ 6.40 ಇಂಚು, ರಿಮ್ಮು 15 ಇಂಚು. ಪಕ್ಕೆಯ ಎತ್ತರ ಎಷ್ಟೆಂದು ಬರೆಯುತ್ತಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ, ಯಾಕೆಂದರೆ ಪಕ್ಕೆಯನ್ನು ಮೋಟು ಮಾಡುವುದು ಸುಲಭವಿರಲಿಲ್ಲ. ಅವು ಕ್ರಾಸ್‌ಪ್ಲೈ ಟೈರುಗಳು. ಒಳಗಿನ ದಾರಗಳು ಹೊರಸಿನ ನುಲಿಯ ಹಾಗೆ ಓರೆಯಾಗಿ ಒಂದರ ಮೇಲೊಂದು ಹಾಯ್ದು ಹೋಗುತ್ತಿದ್ದವು. ಪಕ್ಕೆ ಬಾಗಿದರೆ ನೆಲಕ್ಕೆ ತಾಗುವ ಭಾಗವೂ ಅದರ ಜೊತೆಗೇ ತಿರುಚಿಕೊಳ್ಳುತ್ತಿತ್ತು.

ಇದನ್ನು ಬದಲಿಸಿದ್ದು ಫ್ರಾನ್ಸಿನ ಮಿಶೆಲಿನ್ ಕಂಪನಿ. 1946ರಲ್ಲಿ ಪೇಟೆಂಟ್ ಪಡೆದು 1949ರಲ್ಲಿ ಮಾರುಕಟ್ಟೆಗೆ ತಂದ ರೇಡಿಯಲ್ ಟೈರಿನಲ್ಲಿ ದಾರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹೋಗುತ್ತವೆ. ಮೇಲುಗಡೆ ಉಕ್ಕಿನ ಪಟ್ಟಿ, ಪೀಪಾಯಿಗೆ ಹಾಕುವ ಪಟ್ಟಿಯಂತೆ. ಬಾಗುವ ಕೆಲಸ ಪಕ್ಕೆಗೆ, ನೆಲ ಹಿಡಿಯುವ ಕೆಲಸ ಪಟ್ಟಿಗೆ. ಹೀಗೆ ಕೆಲಸ ಹಂಚಿಕೆಯಾದ ಮೇಲೆ ಟೈರನ್ನು ಅಗಲ ಮಾಡಿ ಪಕ್ಕೆಯನ್ನು ಕುಗ್ಗಿಸುವ ದಾರಿ ತೆರೆಯಿತು. 1960ರ ದಶಕದ ಕೊನೆಗೆ ವೇಗದ ಕಾರುಗಳಲ್ಲಿ ಶೇಕಡಾ 70ರ ಟೈರುಗಳು ಬಂದವು. ಅಲ್ಲಿಂದ ಶೇಕಡಾವಾರನ್ನೂ ಬರೆಯಲೇಬೇಕಾಯಿತು.

ದೊಡ್ಡ ನೆಗೆತ ಆದದ್ದು 1970ರ ದಶಕದ ಮಧ್ಯದಲ್ಲಿ, ಇಟಲಿಯ ಪಿರೆಲಿ ಕಂಪನಿಯ ಪಿ7 ಟೈರಿನಿಂದ. ಲ್ಯಾನ್ಸಿಯಾ ಸ್ಟ್ರಾಟೋಸ್ ಎಂಬ ರ್‍ಯಾಲಿ ಕಾರಿನ ಜೊತೆಗೆ ಬೆಳೆದ ಟೈರು ಅದು. ಉಕ್ಕಿನ ಪಟ್ಟಿಯ ಮೇಲೆ ಟೈರಿನ ಸುತ್ತಲೂ ನೈಲಾನ್ ದಾರವನ್ನು ಬಿಗಿದು ಸುತ್ತಿದ್ದರಿಂದ ಶೇಕಡಾ 50ರಷ್ಟು ಮೋಟು ಪಕ್ಕೆಯ ಟೈರೂ ಭಾರೀ ವೇಗಕ್ಕೆ ತಡೆಯಿತು. ಪಕ್ಕೆ ಮೋಟಾದರೆ ತಿರುವಿನಲ್ಲಿ ಟೈರು ಕಡಿಮೆ ವಾಲುತ್ತದೆ, ಸ್ಟೇರಿಂಗ್ ತಿರುವಿದ ಕೂಡಲೇ ಗಾಡಿ ತಿರುಗುತ್ತದೆ. ಜೊತೆಗೆ ಇನ್ನೊಂದು ಲಾಭ. ರಿಮ್ ದೊಡ್ಡದಾದರೆ ಅದರೊಳಗೆ ದೊಡ್ಡ ಬ್ರೇಕ್ ಡಿಸ್ಕ್ ಕೂರುತ್ತದೆ. ಗಾಲಿ ದೊಡ್ಡದಾದದ್ದು ಬರೀ ಚೆಂದಕ್ಕಲ್ಲ.

ಈಗ ನನ್ನ ಅಳಿಯನ ಊರಿನ ಕಾರಿಗೇ ಬರೋಣ. ಸ್ಟುಟ್‌ಗಾರ್ಟ್‌ನ ಪೋರ್ಷೆ 911 1964ರಿಂದ ಇಂದಿನವರೆಗೂ ತಯಾರಾಗುತ್ತಿದೆ. ಹಾಗಾಗಿ ಟೈರಿನ ಇತಿಹಾಸ ಓದಲು ಅದಕ್ಕಿಂತ ಒಳ್ಳೆಯ ಪುಸ್ತಕವಿಲ್ಲ. ಹಿಂದಿನ ಗಾಲಿಯ ಲೆಕ್ಕವನ್ನಷ್ಟೇ ಕೊಡುತ್ತೇನೆ, ನೋಡಿ.

1964: 165 ಆರ್ 15. ಶೇಕಡಾವಾರು ಬರೆದಿಲ್ಲ, ಸುಮಾರು 80 ಎಂದಿಟ್ಟುಕೊಳ್ಳಿ. ಒಟ್ಟು ಎತ್ತರ ಸುಮಾರು 645 ಮಿಲಿಮೀಟರ್.

1973, ಕರೇರಾ ಆರ್‌ಎಸ್: 215/60 ಆರ್ 15. ಎತ್ತರ 639.

1977ರ ಮಾಡೆಲ್ ಟರ್ಬೊ: 225/50 ಆರ್ 16. ಎತ್ತರ 631.

1990, ಟರ್ಬೊ: 255/40 ಆರ್ 17. ಎತ್ತರ 636.

1995, ಟರ್ಬೊ: 285/30 ಆರ್ 18. ಎತ್ತರ 628.

ಗಮನಿಸಿದಿರಾ? 31 ವರ್ಷದಲ್ಲಿ ರಿಮ್ಮು 15ರಿಂದ 18 ಇಂಚಿಗೆ ಏರಿತು, ಅಂದರೆ 76 ಮಿಲಿಮೀಟರ್ ಹೆಚ್ಚಾಯಿತು. ಟೈರಿನ ಅಗಲ 165ರಿಂದ 285 ಆಯಿತು. ಆದರೆ ಒಟ್ಟು ಎತ್ತರ? 645ರಿಂದ 628! ಏರಲೇ ಇಲ್ಲ, ಎರಡು ಸೆಂಟಿಮೀಟರಿನ ಒಳಗೇ ಓಡಾಡಿತು. ರಿಮ್ಮಿಗೆ ಜಮಾ ಆದದ್ದನ್ನೆಲ್ಲ ಪಕ್ಕೆಯ ಖಾತೆಯಿಂದ ಖರ್ಚು ಹಾಕಿದ್ದಾರೆ. ಪಕ್ಕೆ 132 ಮಿಲಿಮೀಟರ್ ಇದ್ದದ್ದು 85ಕ್ಕೆ ಇಳಿಯಿತು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಡೆಬಿಟ್ಟು ಕ್ರೆಡಿಟ್ಟು ತಾಳೆ ನೋಡಿದ ನನಗೆ ಈ ಲೆಜರ್ ನೋಡಿ ಆದ ಸಂತೋಷ ಅಷ್ಟಿಷ್ಟಲ್ಲ. ಎಂಜಿನಿಯರುಗಳು ಇರಬಹುದು, ಆದರೆ ಒಳಗೊಳಗೇ ಪಕ್ಕಾ ಶಾನುಭೋಗರು.

ಎತ್ತರವನ್ನು ಯಾಕಿಷ್ಟು ಕಾಯಬೇಕು? ಕಾರಿನಲ್ಲಿ ಎಷ್ಟೋ ವಿಷಯಗಳು ಅದರ ಮೇಲೆ ನಿಂತಿವೆ. ಗಾಲಿ ಒಂದು ಸುತ್ತು ಸುತ್ತಿದರೆ ಗಾಡಿ ಎಷ್ಟು ದೂರ ಹೋಗುತ್ತದೆ ಎಂಬುದನ್ನು ಎತ್ತರವೇ ನಿರ್ಧರಿಸುತ್ತದೆ. ಸ್ಪೀಡೋಮೀಟರ್ ಎಣಿಸುವುದು ಸುತ್ತುಗಳನ್ನು, ರಸ್ತೆಯನ್ನಲ್ಲ. ಟೈರು ಎತ್ತರವಾದರೆ ಮುಳ್ಳು ಕಡಿಮೆ ತೋರಿಸುತ್ತದೆ, ಗಾಡಿ ಜೋರಾಗಿ ಓಡುತ್ತಿರುತ್ತದೆ. ಯುರೋಪಿನಲ್ಲಿ ಇದಕ್ಕೆ ನಿಯಮವೇ ಇದೆ: ಸ್ಪೀಡೋಮೀಟರ್ ನಿಜ ವೇಗಕ್ಕಿಂತ ಸ್ವಲ್ಪ ಹೆಚ್ಚು ತೋರಿಸಬಹುದು, ಕಡಿಮೆ ಮಾತ್ರ ತೋರಿಸಕೂಡದು. ಇನ್ನು ಗೇರಿನ ಎಳೆತ, ಬಾಡಿಯ ಕಮಾನಿಗೂ ಟೈರಿಗೂ ನಡುವಿನ ಜಾಗ, ಎಬಿಎಸ್ ಬ್ರೇಕಿನ ಲೆಕ್ಕ, ಎಲ್ಲವೂ ಕಂಪನಿಯವರು ಊಹಿಸಿದ ಎತ್ತರಕ್ಕೇ ಹೊಂದಿಕೊಂಡಿರುತ್ತವೆ. ಆದ್ದರಿಂದಲೇ ಟೈರಿನ ದಂಧೆಯಲ್ಲಿರುವವರು ಮೂಲ ಎತ್ತರಕ್ಕಿಂತ ಶೇಕಡಾ 3ಕ್ಕಿಂತ ಹೆಚ್ಚು ಆಚೀಚೆ ಹೋಗಬೇಡಿ ಎನ್ನುವುದು.

ಈ ತಾಳೆಯನ್ನು ಬೇಕೆಂದೇ ಮುರಿದವರೂ ಇದ್ದಾರೆ. 1974ರಲ್ಲಿ ಬಂದ ಲ್ಯಾಂಬೋರ್ಗಿನಿ ಕೌಂಟಾಚ್ ಕಾರಿಗೆ ಮುಂದೆ 205/70, ಹಿಂದೆ 215/70, ಎರಡೂ 14 ಇಂಚಿನ ಟೈರುಗಳು. 1978ರ ಎಲ್‌ಪಿ400 ಎಸ್ ಮಾದರಿಗೆ ಪಿ7 ಟೈರು ಹಾಕಿದರು: ಮುಂದೆ 205/50 ಆರ್ 15, ಹಿಂದೆ 345/35 ಆರ್ 15. ಮುಂದಿನ ಟೈರಿನ ಎತ್ತರ 643ರಿಂದ 586ಕ್ಕೆ ಬಿತ್ತು. ರಿಮ್ಮು ಒಂದು ಇಂಚು ದೊಡ್ಡದಾಗಿ, ಟೈರು ಸುಮಾರು 6 ಸೆಂಟಿಮೀಟರ್ ಕುಳ್ಳಾಯಿತು! ಆದರೆ ಅವರು ಸುಮ್ಮನೆ ಟೈರು ಬದಲಿಸಿ ಕೈತೊಳೆದುಕೊಳ್ಳಲಿಲ್ಲ. ಸಸ್ಪೆನ್ಷನ್ ಹೊಸದಾಗಿ ಹೊಂದಿಸಿದರು, ಗಾಲಿಯ ಮೇಲೆ ಫೈಬರ್‌ಗ್ಲಾಸಿನ ಅಗಲ ಕಮಾನು ಅಂಟಿಸಿದರು. ಆ ಕಾಲದ ಹುಡುಗರ ಕೋಣೆಯ ಗೋಡೆಗಳ ಮೇಲಿದ್ದ ಪೋಸ್ಟರುಗಳಲ್ಲಿ ಎದ್ದು ಕಾಣುತ್ತಿದ್ದುದು ಆ ಕಮಾನುಗಳೇ. ಹುಡುಗರು ನೋಡಿದ್ದು ಚೆಂದವನ್ನು. ಅದು ಲೆಕ್ಕ ಮುರಿದದ್ದಕ್ಕೆ ತೆತ್ತ ದಂಡವೂ ಹೌದು ಎಂದು ಯಾರೂ ಹೇಳಿಕೊಡಲಿಲ್ಲ.

ಇಂಚನ್ನೇ ಕೈಬಿಟ್ಟು ಸೋತವರೂ ಇದ್ದಾರೆ. 1975ರಲ್ಲಿ ಮಿಶೆಲಿನ್ ಟಿಆರ್‌ಎಕ್ಸ್ ಎಂಬ ಪದ್ಧತಿ ತಂದಿತು. ಅದರಲ್ಲಿ ರಿಮ್ಮೂ ಮಿಲಿಮೀಟರಿನಲ್ಲೇ. 1980ರ ದಶಕದ ಮೊದಲಲ್ಲಿ ಫೆರಾರಿ 308 ಕಾರಿಗೂ 220/55 ವಿಆರ್ 390 ಸೈಜು ಬಂತು. ಲೆಕ್ಕಕ್ಕೇನೋ ಚೊಕ್ಕಟ. ಆದರೆ ಆ ರಿಮ್ಮಿಗೆ ಆ ಟೈರೇ ಬೇಕು, ಬೇರೆಯದು ಕೂರದು. ಗಿರಾಕಿ ಒಂದೇ ಅಂಗಡಿಗೆ ಜೀತದಾಳಾದ ಹಾಗೆ. ಆ ಪದ್ಧತಿ ಹೆಚ್ಚು ಕಾಲ ನಡೆಯಲಿಲ್ಲ. ಈಗ ಆ ಕಾರುಗಳನ್ನು ಇಟ್ಟುಕೊಂಡವರು ವಿಂಟೇಜ್ ಟೈರಿಗೆ ದುಬಾರಿ ಬೆಲೆ ತೆರುತ್ತಿದ್ದಾರೆ.

ಕೊನೆಗೆ ಗೆದ್ದದ್ದು ಸಾಮಾನ್ಯರ ಸುಲಭ ಸೂತ್ರ. "ಪ್ಲಸ್ ಒನ್" ಎನ್ನುತ್ತಾರೆ. ರಿಮ್ಮನ್ನು ಒಂದು ಇಂಚು ಏರಿಸು, ಅಗಲವನ್ನು 10 ಮಿಲಿಮೀಟರ್ ಏರಿಸು, ಶೇಕಡಾವಾರನ್ನು 10 ಇಳಿಸು. ಇದಕ್ಕೆ ಚೆಂದದ ಉದಾಹರಣೆ ಜಪಾನಿನ ಮಾಜ್ದಾ ಎಂಎಕ್ಸ್-5, ಅಮೆರಿಕದಲ್ಲಿ ಮಿಯಾಟಾ. 1989ರಲ್ಲಿ ಬಂದಾಗ ಅದರ ಟೈರು 185/60 ಆರ್ 14, ಎತ್ತರ 577.6. ಮುಂದಿನ ತಲೆಮಾರಿನಲ್ಲಿ 195/50 ಆರ್ 15ರ ಟೈರೂ ಬಂತು, ಎತ್ತರ 576. ಒಂದೂವರೆ ಮಿಲಿಮೀಟರಿನ ವ್ಯತ್ಯಾಸ! ಹಳೆಯ ಮಿಯಾಟಾ ಇಟ್ಟುಕೊಂಡವರು ಕಣ್ಣುಮುಚ್ಚಿ ಇದೇ ಸೈಜಿಗೆ ಹೋಗುತ್ತಾರೆ.

ಎತ್ತರ ಕೂಡಿತು ಎಂದಾಕ್ಷಣ ಎಲ್ಲ ಮುಗಿಯಲಿಲ್ಲ. ಟೈರಿನ ಮೇಲೆ ಸೈಜಿನ ಪಕ್ಕ ಇನ್ನೊಂದು ಸಂಖ್ಯೆಯೂ ಒಂದು ಅಕ್ಷರವೂ ಇರುತ್ತವೆ. ಸಂಖ್ಯೆ ಹೊರುವ ಭಾರಕ್ಕೆ, ಅಕ್ಷರ ವೇಗಕ್ಕೆ. 205/55 ಆರ್ 16ರಲ್ಲಿ ಸಾಮಾನ್ಯವಾಗಿ 91 ಇರುತ್ತದೆ, ಒಂದು ಟೈರು 615 ಕಿಲೋ ಹೊರುತ್ತದೆ ಎಂದರ್ಥ. 225/40 ಆರ್ 18ರ ಮಾಮೂಲಿ ಟೈರಿನಲ್ಲಿ 88, ಅಂದರೆ 560 ಕಿಲೋ. ನೋಡಲು ದೊಡ್ಡದು, ಹೊರುವುದು ಕಡಿಮೆ! ಯಾಕೆಂದರೆ ಭಾರ ಹೊರುವುದು ರಬ್ಬರಲ್ಲ, ಒಳಗಿನ ಗಾಳಿ. ಪಕ್ಕೆ ಕುಗ್ಗಿದರೆ ಗಾಳಿಗೆ ಜಾಗ ಕಡಿಮೆ. ಅದಕ್ಕೇ ಎಕ್ಸ್‌ಎಲ್ ಎಂದು ಬರೆದ ಗಟ್ಟಿ ಟೈರು ಬರುತ್ತದೆ. ಅದರಲ್ಲಿ 92, ಅಂದರೆ 630 ಕಿಲೋ, ಗಾಳಿಯ ಒತ್ತಡವೂ ಹೆಚ್ಚು. ಅಂಗಡಿಯಲ್ಲಿ ಎರಡೂ ಒಂದೇ ಸೈಜಿನ ಹೆಸರಿನಲ್ಲಿ ಸಿಗುತ್ತವೆ. ರಿಮ್ಮಿನ ಅಗಲವೂ ಟೈರಿಗೆ ಹೊಂದಬೇಕು. ರಿಮ್ಮು ಒಳಕ್ಕೆ ಎಷ್ಟು, ಹೊರಕ್ಕೆ ಎಷ್ಟು ಕೂರುತ್ತದೆ ಎಂಬುದೂ ಹೊಂದಬೇಕು. ರಿಮ್ಮಿನ ಮೇಲೆ ಇಟಿ ಎಂದು ಕೊರೆದಿರುವುದು ಅದನ್ನೇ.

ಇಷ್ಟು ಲೆಕ್ಕ ಇಟ್ಟುಕೊಂಡು ಅಳಿಯನ ಗಾಡಿಗೆ ಬಂದೆ. ಅವನ ಬಾಕ್ಸ್‌ಸ್ಟರ್ ಕಾರ್ಖಾನೆಯಿಂದ ಬಂದದ್ದು ಮುಂದೆ 205/55, ಹಿಂದೆ 225/50, ಎರಡೂ 16 ಇಂಚಿನ ಟೈರುಗಳೊಂದಿಗೆ. 1977ರ ಟರ್ಬೊ ಹೊತ್ತ ಅದೇ ಸೈಜು! ಎತ್ತರ 632 ಮತ್ತು 631. ಈಗ ಅವನು ಹಾಕಿಸಿದ್ದು ಮುಂದೆ 660, ಹಿಂದೆ 669. ಮುಂದೆ ಶೇಕಡಾ 4ಕ್ಕೂ ಹೆಚ್ಚು, ಹಿಂದೆ ಶೇಕಡಾ 6 ಎತ್ತರ. ಪೋರ್ಷೆ ಕಂಪನಿ ಮೂವತ್ತು ವರ್ಷ ಎರಡು ಸೆಂಟಿಮೀಟರಿನೊಳಗೆ ಕಾಯ್ದುಕೊಂಡು ಬಂದದ್ದನ್ನು ನಮ್ಮ ಹುಡುಗ ಒಂದೇ ಶನಿವಾರ ಮಧ್ಯಾಹ್ನ ಸುಮಾರು ನಾಲ್ಕು ಸೆಂಟಿಮೀಟರ್ ಹಾರಿಬಿಟ್ಟಿದ್ದಾನೆ. ಕರ್ ಕರ್ ಎನ್ನುತ್ತಿದ್ದುದು ಟೈರು ಕಮಾನಿನ ಒಳಗಿನ ಪ್ಲಾಸ್ಟಿಕ್ಕನ್ನು ತಿನ್ನುವ ಸದ್ದು.

"ಸಪ್ಪಳ ಬಂದದ್ದು ಛಲೋ ಆತು ನೋಡು," ಎಂದೆ. "ಸಪ್ಪಳ ಇಲ್ದ ಹಿಂದಿನ ಗಾಲಿ ಸ್ಪೀಡೋಮೀಟರಿಗೆ ಸುಳ್ಳು ಹೇಳ್ಲಿಕತ್ತದ. ಅದು ನಿನಗ ಕೇಳ್ಸೂದಿಲ್ಲ."

"ನೂರಾ ಇಪ್ಪತ್ತು ಅಂದ್ರ ಎಷ್ಟು ಓಡ್ತದ ಮಾಮಾ?"

"ಮೊದಲ ಮುಳ್ಳು ಸರಿ ಇತ್ತಂದ್ರ ಈಗ ನೂರಾ ಇಪ್ಪತ್ತೇಳು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹಿಂದಿನ ವಾರಾಂತ್ಯ ಹೆಂಡತಿಯನ್ನು ಕೂರಿಸಿಕೊಂಡು ಮಳೆಯಲ್ಲಿ ಆಟೋಬಾನ್ ಮೇಲೆ ಮುನ್ನೂರು ಕಿಲೋಮೀಟರ್ ಹೋಗಿ ಬಂದಿದ್ದನಂತೆ. ಟೈರಿನ ಪಕ್ಕೆಯ ಮೇಲೆ ಡಿಒಟಿ ಅಕ್ಷರಗಳ ಕೊನೆಯಲ್ಲಿರುವ ನಾಲ್ಕು ಅಂಕಿ ಓದು ಎಂದೆ. 2411 ಎಂದ. 2011ರ 24ನೇ ವಾರದಲ್ಲಿ ತಯಾರಾದ ಟೈರು. ಆಮೇಲೆ ನಾನು ಹೆಚ್ಚೇನೂ ಹೇಳಬೇಕಾಗಲಿಲ್ಲ. ಅಕ್ಕನಿಗಂತೂ ಇಬ್ಬರೂ ಹೇಳಿಲ್ಲ.

ಹಾಗಂತ ದೊಡ್ಡ ಗಾಲಿ ಬೇಡ ಎಂದಲ್ಲ. ಅದೇ ಬಾಕ್ಸ್‌ಸ್ಟರ್‌ಗೆ ಕಂಪನಿಯೇ 18 ಇಂಚಿನ ಗಾಲಿ ಕೊಡುತ್ತಿತ್ತು: ಮುಂದೆ 225/40, ಹಿಂದೆ 265/35. ಎತ್ತರ 637 ಮತ್ತು 643. ಮುಂದೆ ಶೇಕಡಾ 1ರೊಳಗೆ, ಹಿಂದೆ ಶೇಕಡಾ 2ರೊಳಗೆ. ಹುಡುಗನ ಆಸೆ ತಪ್ಪಲ್ಲ. ಅವನು ಕೊಂಡ ರಿಮ್ಮೂ ಅಳತೆಗೆ ಸರಿಯಿತ್ತು. ತಪ್ಪಿದ್ದು ಓದದೆ ಬಿಟ್ಟ ಆ ಎರಡಂಕಿಯ ಶೇಕಡಾವಾರು.

ಇತ್ತೀಚೆಗೆ 911 ಕಾರಿನ ಟೈರೂ ಎತ್ತರವಾಗಿದೆ, ಅದನ್ನೂ ಹೇಳಿಬಿಡಬೇಕು. 2004ರ ಕರೇರಾ ಎಸ್ ಕಾರಿಗೆ 295/30 ಆರ್ 19, ಎತ್ತರ 660. 2019ರ ಕರೇರಾ ಎಸ್ ಕಾರಿಗೆ 305/30 ಆರ್ 21, ಎತ್ತರ 716. ಆದರೆ ಅಲ್ಲಿ ಟೈರಿನ ಜೊತೆ ಇಡೀ ಕಾರೇ ಹೊಸದಾಗಿದೆ: ಬಾಡಿ, ಗೇರು, ಸಸ್ಪೆನ್ಷನ್, ಮೀಟರು ಎಲ್ಲ. ಹೊಸ ಖಾತೆ, ಹೊಸ ಓಪನಿಂಗ್ ಬ್ಯಾಲೆನ್ಸು. ನಾವು ಮನೆಯಲ್ಲಿ ಬದಲಿಸುವುದು ಟೈರೊಂದನ್ನೇ.

ಇಲ್ಲಿ ಪುಣೆಯಲ್ಲಿ ನಮ್ಮ ಸೊಸೈಟಿಯ ಹುಡುಗರೂ ಸಣ್ಣ ಕಾರುಗಳಿಗೆ ದೊಡ್ಡ ಅಲಾಯ್ ಹಾಕಿಸುತ್ತಾರೆ. ಅವರಿಗೆ ನಾನು ಹೇಳುವುದು ಎರಡೇ ಮಾತು. ನಿಮ್ಮದೇ ಕಾರಿನ ಮೇಲಿನ ಮಾಡೆಲ್ಲಿಗೆ ಕಂಪನಿ ಯಾವ ಸೈಜು ಕೊಟ್ಟಿದೆ ನೋಡಿ, ಅಲ್ಲಿಗೆ ನಿಲ್ಲಿಸಿ. ಮತ್ತು ಮಳೆಗಾಲದ ನಮ್ಮ ರಸ್ತೆಯ ಹೊಂಡವನ್ನು ಮರೆಯಬೇಡಿ. ನೀರು ತುಂಬಿದ ಹೊಂಡ ಎಷ್ಟು ಆಳವೆಂದು ತಿಳಿಯುವುದು ಗಾಲಿ ಇಳಿದ ಮೇಲೆಯೇ. ಆಗ ಏಟು ತಾಳಬೇಕಾದದ್ದು ಪಕ್ಕೆ. ಅದು ಮೋಟಾದಷ್ಟೂ ಹೊಂಡದ ಅಂಚು ರಿಮ್ಮಿಗೆ ಹತ್ತಿರ.

ನಿನ್ನೆ ರಾತ್ರಿ ಅಳಿಯ ಮತ್ತೆ ಫೋಟೋ ಕಳಿಸಿದ್ದ. ಹಳೆಯ ಟೈರು ತೆಗೆಸಿ ಅದೇ ರಿಮ್ಮಿಗೆ 225/40, 265/35 ಹಾಕಿಸಿದ್ದಾನೆ. ಈ ಸಲ ಗಾಡಿಯ ಫೋಟೋ ಕಳಿಸಿರಲಿಲ್ಲ. ಟೈರಿನ ಪಕ್ಕೆಯದು ಮಾತ್ರ, ಅಕ್ಷರಗಳು ಸ್ಪಷ್ಟವಾಗಿ ಕಾಣುವ ಹಾಗೆ. ಕೆಳಗೆ ಒಂದೇ ಸಾಲು: "637, 643. ತಾಳೆ ಆತು, ಮಾಮಾ."